ಯಾರ ಕೈ ಸುಟ್ವು

ವಾರವಿಡೀ ಯೂನಿಫಾರಂ ಹೊಲಿಯುವವಳು ನಾನು,
ಮಕ್ಕಳ ಅಳತೆ ತೆಗೆಯುವುದು ನನ್ನ ಕಸುಬು.
ಭಾನುವಾರ ಟೇಪು ಮನೆಯಲ್ಲಿಟ್ಟು
ಚರ್ಚಿನ ಹಿಂದಿನ ತಗಡಿನ ಶೆಡ್ಡಿಗೆ ಬರುತ್ತೇನೆ
ಅಂದುಕೊಂಡಿದ್ದೆ.
ಹತ್ತೊಂಬತ್ತು ವರ್ಷ, ಟೇಪು ಕೊರಳಲ್ಲೇ ಇತ್ತು.

ವಾಕ್ಯ ಬಾಯಿಪಾಠ ಬಂದರೆ ಬಂಗಾರದ ಚುಕ್ಕಿ,
ತಡವರಿಸಿದರೆ ಬೆಳ್ಳಿ,
ಕಣ್ಣು ಬಿಟ್ಟು ಪ್ರಾರ್ಥಿಸಿದವರಿಗೆ ಏನೂ ಇಲ್ಲ.
(ಅವರು ಕಣ್ಣು ಬಿಟ್ಟದ್ದು ನನಗೆ ಹೇಗೆ ಕಂಡಿತೆಂದು
ಯಾರೂ ಕೇಳಲಿಲ್ಲ, ಪುಣ್ಯಕ್ಕೆ.)

ಆ ಭಾನುವಾರದ ಪಾಠ ಐದು ರೊಟ್ಟಿ, ಎರಡು ಮೀನು.
ಫ್ಲಾನೆಲ್ ಬಟ್ಟೆಯ ಮೇಲೆ ಜನರನ್ನು ಅಂಟಿಸಿದ್ದೆ,
ಹಸಿರು ಹುಲ್ಲಲ್ಲಿ ಕೂತ ಗುಲಾಬಿ ಕೆನ್ನೆಯ ಜನ.
'ಇವರು ಯಾವೂರವರು ಟೀಚರ್?' ಅಂದಳು ಕೆಜೀಯಾ.
ಊರು ಹೇಳಿದೆ. ಸಮುದ್ರ ತೋರಿಸಿದೆ.
'ಕುಂದವಾಡ ಕೆರೆಗಿಂತ ದೊಡ್ಡದಾ?'
ದೊಡ್ಡದು ಅಂದೆ. ಅಲ್ಲಿಗೆ ಮುಗಿಯಿತು.
ಹನ್ನೊಂದು ಮಕ್ಕಳು, ಇಪ್ಪತ್ತೆರಡು ಕಣ್ಣು,
ಎಲ್ಲವೂ ಗೋಡೆಯ ಮೇಲಿನ ಹಲ್ಲಿಯ ಕಡೆ.

ತಿಂಡಿ ತರುವ ಸರದಿ ನೆಹೆಮೀಯನದು.
ಮಂಡಕ್ಕಿ ಭಟ್ಟಿಯ ಕೂಲಿ ರತ್ನಪ್ಪನ ಮಗ,
ಎಷ್ಟು ತಿಕ್ಕಿದರೂ ಕಿವಿಯ ಹಿಂದೆ ಮಸಿ ಉಳಿಯುವ ಹುಡುಗ.
ಒಂದೂ ವಾಕ್ಯ ಬಾರದವನು;
ಚಾರ್ಟಿನಲ್ಲಿ ಅವನ ಸಾಲು ಕತ್ತರಿ ಕಾಣದ ಬಿಳಿ ಥಾನು.
ಪಾಠದ ನಡುವೆಯೇ ಎದ್ದ.
ಚಡ್ಡಿಯ ಜೇಬಿನಿಂದ ಒಂದು ಹಿಡಿ ಅಕ್ಕಿ ತೆಗೆದ,
ಉಪ್ಪುನೀರು ಕುಡಿದು ಒಣಗಿದ ಅಕ್ಕಿ.
ಆಮೇಲೆ ಚೀಲದ ಬಾಯಿ ಬಿಚ್ಚಿ
ಚಾಪೆಯ ಮೇಲೆ ಮಂಡಕ್ಕಿ ಸುರಿದ,
ಸುರಿದ, ಇನ್ನೂ ಸುರಿದ.
'ಇಷ್ಟಿದ್ದದ್ದು ಅಷ್ಟಾಕ್ಕತಿ.
ನಮ್ ಭಟ್ಟ್ಯಾಗ ದಿನಾ ಆಕ್ಕತಿ.'

ಉತ್ತರ ನನ್ನ ಬಳಿ ಅಚ್ಚಾಗಿಯೇ ಇತ್ತು:
ಅದು ಅದ್ಭುತ ಮಗೂ, ಇದು ಕೆಲಸ.
ಹೇಳಲು ಬಾಯಿ ತೆರೆದೆ.
'ಉಸುಕು ಕಾಯ್ಬೇಕು ಟೀಚರ್. ಸುಮ್ನ ಆಗಂಗಿಲ್ಲ.
ಬಾಣಲಿ ಮುಂದ ನಿಂತು ನಿಂತು
ನಮ್ಮಪ್ಪನ ಕೈಮ್ಯಾಲ ಒಂದು ಕೂದಲಿಲ್ಲ.
ಆವತ್ತು ರೊಟ್ಟಿ ಅಷ್ಟೊಂದು ಆದ್ವಲ್ಲ,
ಯಾರ ಕೈ ಸುಟ್ವು?'

ಹಲ್ಲಿಯನ್ನು ಯಾರೂ ನೋಡುತ್ತಿರಲಿಲ್ಲ.

ಮೌನವೆಂದರೆ ನನಗೆ ಹೊಲಿಗೆ ಬಿಟ್ಟ ಜಾಗ;
ಕಂಡೊಡನೆ ಒಂದು ಚಪ್ಪಾಳೆ ಹಾಡಿನಿಂದ ಮುಚ್ಚಿಬಿಡುತ್ತಿದ್ದೆ.
ಅವತ್ತು ಮುಚ್ಚಲಿಲ್ಲ. ಮುಚ್ಚಲು ದಾರವಿರಲಿಲ್ಲ.
ಕೆಜೀಯಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.
ಎಲ್ಲರಿಗಿಂತ ಚಿಕ್ಕವನು, ಆಬೇಲ,
ಮೆಲ್ಲಗೆ ಕೇಳಿದ: 'ಭಾಳ ನೋವಾಗಿತ್ತಾ?'
ಯಾರಿಗೆಂದು ಹೇಳಲಿಲ್ಲ.
ಯಾರೂ ಕೇಳಲೂ ಇಲ್ಲ.

ಆಮೇಲೆ ತಿಂದೆವು.
ಪ್ರಾರ್ಥನೆ ಮಾಡಿಸುವುದನ್ನೇ ಮರೆತಿದ್ದೆ.
'ನಂಗ ಸಾಕು, ನೀ ತಗೋ,'
ಕಣ್ಣು ಬಿಟ್ಟುಕೊಂಡೇ ಯಾರೋ ಅಂದರು.

ಬುಧವಾರ ಭಟ್ಟಿಯ ಕಡೆ ಹೋದೆ,
ಹುಡುಗನ ಚಡ್ಡಿಗೆ ಅಳತೆ ಬೇಕೆಂಬ ನೆಪ.
ಬಾಗಿಲಿನಿಂದ ಮುಂದೆ ಹೆಜ್ಜೆ ಇಡಲಾಗಲಿಲ್ಲ, ಅಷ್ಟು ಝಳ.
ಒಳಗೆ ಬಾಣಲಿಯಲ್ಲಿ ಅಕ್ಕಿ ಚಿಟಚಿಟ ಸಿಡಿಯುತ್ತಿತ್ತು.
ರತ್ನಪ್ಪ ಜರಡಿ ಬಿಡದೆ
ಮೊಣಕೈಯಲ್ಲೇ ನಮಸ್ಕಾರ ಮಾಡಿದ.
ಟೇಪು ತೆಗೆಯದೆ ವಾಪಸು ಬಂದೆ.

ಚಾರ್ಟು ಈಗಲೂ ಗೋಡೆಯಲ್ಲಿದೆ.
ಅವನ ಸಾಲಿಗೆ ಅಂಟಿಸಲು ಚುಕ್ಕಿ ಹಿಡಿದು ಹೋಗಿದ್ದೆ ಒಮ್ಮೆ,
ಯಾವ ಬಣ್ಣದ್ದೆಂದು ತಿಳಿಯದೆ
ನನ್ನ ಬೆರಳಿಗೇ ಅಂಟಿಕೊಂಡಿತು.

ಮುಂದಿನ ಭಾನುವಾರ ಅವನೇ ವಿಚಾರಿಸಿದ:
'ಸಿಕ್ತಾ ಟೀಚರ್?'
ಹುಡುಕ್ತಿದ್ದೀನಿ ಅಂದೆ.
ಭಟ್ಟಿಯ ದೊಡ್ಡವರ ಹಾಗೆ ತಲೆಯಾಡಿಸಿದ:
'ನಿಧಾನ ಮಾಡ್ರಿ.
ಅವಸರಕ್ಕೆ ಸೀದು ಹೊಕ್ಕತಿ.'